ಹಳೆಯ ದೃಶ್ಯಕ್ಕೆ ಮೊದಲು ಗುರುತು, ಆಮೇಲೆ ಕತ್ತರಿ

ಜಡಿಮಳೆ ಹಿಡಿದಿದ್ದ ಆಷಾಢದ ಒಂದು ಬೆಳಿಗ್ಗೆ ಸಕಲೇಶಪುರದ ಕಡೆಯ ತೋಟದ ಮನೆಯೊಂದರಿಂದ ಹಾಸನದ ನಮ್ಮ ಎಡಿಟಿಂಗ್ ಕೋಣೆಗೆ ಒಂದು ಹಳೆಯ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಬಂತು. ಅದರ ಪ್ಲಾಸ್ಟಿಕ್ ಕಿಟಕಿಯೊಳಗೆ, ಸುರುಳಿಯ ಅಂಚಿನುದ್ದಕ್ಕೂ ಅಕ್ಕಿಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು ಕೂತಿತ್ತು. ಬೆನ್ನಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಸ್ಕೂಲ್ ಡೇ’ ಎಂದಷ್ಟೇ ಬರೆದಿತ್ತು, ಊರಿಲ್ಲ, ಇಸವಿಯಿಲ್ಲ. ಹಾಸ್ಯ ಕಾರ್ಯಕ್ರಮವೊಂದರ ಸ್ಪರ್ಧಿ ಬಾಲ್ಯದಲ್ಲಿ ಮಾಡಿದ್ದ ಏಕಪಾತ್ರಾಭಿನಯ ಅದರಲ್ಲಿದೆ, 15 ಸೆಕೆಂಡ್ ಸಿಕ್ಕಿದರೆ ಸಾಕು ಎಂಬುದು ಕಾರ್ಯಕ್ರಮ ತಂಡದ ಬೇಡಿಕೆಯಾಗಿತ್ತು. ಆ 15 ಸೆಕೆಂಡ್ ತೆರೆಗೆ ಹೋಗಲು ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನ ಏನು ಮಾಡಿದೆವು ಎಂಬುದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಸಣ್ಣ ಊರುಗಳಲ್ಲಿದ್ದುಕೊಂಡು ವಾಹಿನಿಗಳಿಗೆ ಕಾರ್ಯಕ್ರಮ ಮಾಡಿಕೊಡುವ ಯುವಕ ಯುವತಿಯರು ಈಗ ಅನೇಕರಿದ್ದಾರೆ, ಅವರಿಗೆ ಇದು ಉಪಯೋಗಕ್ಕೆ ಬರಬಹುದು.

ಹಾಡಿನ ಸ್ಪರ್ಧೆ, ಹಾಸ್ಯ ಕಾರ್ಯಕ್ರಮ, ಅತಿಥಿಯ ಬದುಕನ್ನು ತೆರೆದಿಡುವ ಮಾತುಕತೆ, ಹಳೆಯ ಚಿತ್ರಗೀತೆಗಳ ಸಂಜೆ, ಇವುಗಳಲ್ಲೆಲ್ಲ ಆರ್ಕೈವ್ ಫುಟೇಜ್, ಎಂದರೆ ಹಿಂದೆ ಯಾರೋ ತೆಗೆದಿಟ್ಟ ಹಳೆಯ ದೃಶ್ಯ, ಬಳಕೆಯಾಗುತ್ತದೆ. ಸುದ್ದಿಯಲ್ಲಿ ತಪ್ಪು ದೃಶ್ಯ ಹೋದರೆ ಪ್ರಶ್ನಿಸುವವರಿರುತ್ತಾರೆ. ಮನರಂಜನೆಯಲ್ಲಿ ಕೇಳುವವರಿಲ್ಲ ಎಂದು ನಾವೇ ಸಡಿಲ ಬಿಡುತ್ತೇವೆ. ಇದು ಸರಿಯಲ್ಲ. ನೋಡುವವರು ಎರಡನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ, ಒಂದೇ ರೀತಿ ನಂಬುತ್ತಾರೆ. ಯಾವ ಊರು, ಯಾವ ಕಾಲ, ಯಾರು ಎಂಬುದು ಗೊತ್ತಾಗದ ದೃಶ್ಯವನ್ನು ಟೈಮ್‌ಲೈನ್‌ಗೆ (ಎಡಿಟಿಂಗ್ ತಂತ್ರಾಂಶದಲ್ಲಿ ದೃಶ್ಯಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಎಳೆಯಬಾರದು ಎಂಬುದು ಈ ಕೆಲಸದಲ್ಲಿ ನಾನು ಹಿಡಿದುಕೊಂಡಿರುವ ಒಂದೇ ನಿಯಮ.

ಹುಡುಕುವ ಮುನ್ನ

ದೃಶ್ಯ ಏಕೆ ಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಆಂಕರ್ ಮಾತಿನ ಹಿಂದೆ ಹಳೆಯ ಹಾಸನ ಓಡಬೇಕು’ ಎಂದರೆ ಅದು ಕಾರಣವಲ್ಲ, ಖಾಲಿ ಜಾಗ ತುಂಬುವ ಯೋಚನೆ. ‘ಈ ಕಲಾವಿದ ಹತ್ತನೇ ವಯಸ್ಸಿನಲ್ಲೇ ಮಾತಿನ ನಡುವೆ ಹೀಗೆ ನಿಲ್ಲುತ್ತಿದ್ದ ಎಂಬುದು ಕಾಣಬೇಕು’ ಎಂದರೆ ಯಾವ ಕ್ಷಣ ಬೇಕು, ಎಷ್ಟು ಉದ್ದ ಬೇಕು, ಧ್ವನಿ ಬೇಕೇ ಎಂಬುದೆಲ್ಲ ಆ ವಾಕ್ಯದಿಂದಲೇ ತೀರ್ಮಾನವಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.

ಆಮೇಲೆ ಎಲ್ಲಿ ಹುಡುಕುವುದು? ಚಲನಚಿತ್ರಗಳಿಗೆ ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್‌ನ ಸಾಕ್ಷ್ಯಚಿತ್ರಗಳೂ ವಾರ್ತಾಚಿತ್ರಗಳೂ ಇವೆ. ಎರಡೂ ಸಂಸ್ಥೆಗಳು 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಗಿರುವುದರಿಂದ ಪತ್ರವನ್ನು ನಿಗಮಕ್ಕೆ ಬರೆಯಬೇಕು. ದೂರದರ್ಶನ, ಆಕಾಶವಾಣಿಗಳ ಹಳೆಯ ದಾಖಲೆಗಳಿಗೆ ಪ್ರಸಾರ ಭಾರತಿಯ ಆರ್ಕೈವ್ ಇದೆ. ಆದರೆ ನಮ್ಮ ಜಿಲ್ಲೆಯ ಕಲಾವಿದನ ಬಾಲ್ಯ, ಊರಹಬ್ಬದ ನಾಟಕ, ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಇವು ಯಾವ ಸರ್ಕಾರಿ ಕಪಾಟಿನಲ್ಲೂ ಸಿಗುವುದಿಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವಾದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇನ್‌ಸ್ಯಾಟ್ ಉಪಗ್ರಹಗಳನ್ನು ನೋಡಿಕೊಂಡು ಬಂದಿದೆ, ಆ ಉಪಗ್ರಹಗಳ ದಾರಿಯಲ್ಲೇ ದೂರದರ್ಶನ ದೇಶದ ಊರೂರಿಗೆ ತಲುಪಿತು. ಆದರೆ ಉಪಗ್ರಹ ದೃಶ್ಯವನ್ನು ದಾಟಿಸಿತೇ ಹೊರತು ಇಟ್ಟುಕೊಳ್ಳಲಿಲ್ಲ. ಇಟ್ಟುಕೊಂಡವರು ಮನೆಯವರು, ಮದುವೆ ವಿಡಿಯೊ ಮಾಡುತ್ತಿದ್ದ ಸ್ಟುಡಿಯೊದವರು, ಹವ್ಯಾಸಿ ನಾಟಕ ತಂಡದವರು. ಆದ್ದರಿಂದ ಮೊದಲು ಅವರ ಅಟ್ಟ ಕೇಳಿ.

ಕ್ಯಾಸೆಟ್ ಕೈಗೆ ಬಂದಾಗ

ಮಲೆನಾಡಿನ ಕ್ಯಾಸೆಟ್ಟಿಗೆ ಶತ್ರು ತೇವ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಒಳ್ಳೆಯ ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರ) ಹಾಕಿದರೆ ಬೂಷ್ಟು ಟೇಪನ್ನು ಓದುವ ಹೆಡ್‌ಗೆ ಅಂಟಿ, ನಂತರ ಹಾಕುವ ಪ್ರತಿಯೊಂದು ಕ್ಯಾಸೆಟ್ಟಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಮುಚ್ಚಿದ ಡಬ್ಬದಲ್ಲಿ ಕೆಲವು ದಿನ ಇಟ್ಟರೆ ಬೂಷ್ಟು ಒಣಗಿ ಪುಡಿಯಾಗುತ್ತದೆ. ಆಮೇಲೆ ಮಾಸ್ಕ್ ಹಾಕಿಕೊಂಡು, ಗಾಳಿ ಆಡುವ ಜಾಗದಲ್ಲಿ, ಕ್ಯಾಸೆಟ್ಟಿನ ಹೊರಕವಚ ಬಿಚ್ಚಿ, ನೂಲು ಬಿಡದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ನಮ್ಮ ಹನ್ನೊಂದು ದಿನಗಳಲ್ಲಿ ಆರು ದಿನ ಹೋದದ್ದು ಇದಕ್ಕೇ. ಈ ಕೆಲಸಕ್ಕೆಂದೇ ಒಂದು ಹಳೆಯ ಯಂತ್ರವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಪ್ಲೇ ಮಾಡುವ ಮುನ್ನ ಕ್ಯಾಸೆಟ್ಟಿನ ಬೆನ್ನಂಚಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ತುಣುಕು ಇನ್ನೂ ಇದ್ದರೆ ಮನೆಯವರನ್ನು ಕೇಳಿ ಮುರಿದುಬಿಡಿ. ಅದಿಲ್ಲದಿದ್ದರೆ ಕೈತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ನಂತರವೇ ಪ್ಲೇ ಒತ್ತಿ. ಮೊದಲ ಸಲ ಪ್ಲೇ ಮಾಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಏಕೆಂದರೆ ಎರಡನೆಯ ಅವಕಾಶ ಸಿಗದೆಯೂ ಹೋಗಬಹುದು.

ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ ಎಂಬ ಟಿವಿ ಪದ್ಧತಿಯ ಚಿತ್ರವನ್ನು ಡಿಜಿಟಲ್‌ಗೆ ಇಳಿಸಿದಾಗ ಅದು 720 ಅಡ್ಡ, 576 ಉದ್ದದ ಚುಕ್ಕಿಗಳಲ್ಲಿ, ಸೆಕೆಂಡಿಗೆ 25 ಫ್ರೇಮ್‌ಗಳಾಗಿ (ಬಿಡಿ ಚಿತ್ರಗಳಾಗಿ) ಬರುತ್ತದೆ. ಗಾತ್ರ ಕುಗ್ಗಿಸದೆ (ಕಂಪ್ರೆಸ್ ಮಾಡದೆ) ಇಳಿಸಿದರೆ ಒಂದು ಗಂಟೆಗೆ ಸುಮಾರು 75 ಜಿಬಿ, ಡಿವಿ ಎಂಬ ಕುಗ್ಗಿಸಿದ ರೂಪದಲ್ಲಾದರೆ ಸುಮಾರು 13 ಜಿಬಿ ಬೇಕು. ಬೇಕಾದ 15 ಸೆಕೆಂಡ್ ಮಾತ್ರ ಇಳಿಸಿಕೊಂಡು ಉಳಿದದ್ದನ್ನು ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ದೃಶ್ಯದ ಗುರುತು ಬಹಳ ಸಲ ಆ ಉಳಿದ ಭಾಗದಲ್ಲೇ ಇರುತ್ತದೆ.

ಗುರುತು ಹಿಡಿಯುವುದು

ಚೀಟಿಯನ್ನು ನಂಬಬೇಡಿ, ಚಿತ್ರವನ್ನು ನಂಬಿ. ಹಿಂದೊಮ್ಮೆ ಬೇಲೂರಿನವರಾದ ಗಾಯಕರೊಬ್ಬರ ಕಂತಿಗೆ ‘ಬೇಲೂರು ತೇರು’ ಎಂಬ ಚೀಟಿ ಇದ್ದ ಕ್ಯಾಸೆಟ್ಟಿನಿಂದ ಎಂಟು ಸೆಕೆಂಡಿನ ತುಣುಕನ್ನು ನಾನೇ ಆರಿಸಿ ಕೊಟ್ಟಿದ್ದೆ. ಪ್ರಸಾರವಾದ ರಾತ್ರಿಯೇ ಬೇಲೂರಿನ ಹಿರಿಯರೊಬ್ಬರು ಫೋನ್ ಮಾಡಿ, ತೇರಿನ ಹಿಂದೆ ಕಾಣುವ ಗೋಪುರ ತಮ್ಮೂರಿನದಲ್ಲ ಎಂದರು. ಕೋಪವಿಲ್ಲದೆ, ನೋವಿನಿಂದ ಹೇಳಿದ ಮಾತು ಅದು. ತೆಗೆದು ನೋಡಿದರೆ ಅವರು ಹೇಳಿದ್ದೇ ನಿಜ. ಮನೆಯವರು ಒಂದೇ ಕ್ಯಾಸೆಟ್ಟಿನಲ್ಲಿ ಎರಡು ಜಾತ್ರೆ ತೆಗೆಸಿ, ಮೊದಲಿನದರ ಹೆಸರನ್ನಷ್ಟೇ ಬರೆದಿದ್ದರು. ಗೋಪುರವನ್ನು ನಾನು ನೋಡಿರಲೇ ಇಲ್ಲ, ತೇರನ್ನಷ್ಟೇ ನೋಡಿದ್ದೆ.

ಅಂದಿನಿಂದ ಪ್ರತಿ ತುಣುಕನ್ನೂ ಮೂರು ಸಲ ನೋಡುತ್ತೇನೆ: ಒಮ್ಮೆ ಮುಖ್ಯ ವ್ಯಕ್ತಿಯನ್ನು, ಒಮ್ಮೆ ಹಿನ್ನೆಲೆಯನ್ನು, ಒಮ್ಮೆ ಕಣ್ಣು ಮುಚ್ಚಿ ಧ್ವನಿಯನ್ನು. ಹಿನ್ನೆಲೆಯಲ್ಲಿ ಸಿಗುವ ಸುಳಿವುಗಳು ಆಶ್ಚರ್ಯ ತರುವಷ್ಟಿರುತ್ತವೆ. ವಾಹನದ ಫಲಕದಲ್ಲಿ ಕೆಎ 13 ಅಥವಾ ಕೆಎ 18 ಕಂಡರೆ ಹಾಸನದ ಅಥವಾ ಚಿಕ್ಕಮಗಳೂರಿನ ನೋಂದಣಿ ಎಂದು ತಿಳಿಯುವುದರ ಜೊತೆಗೆ, ಅದು 1989ರ ಜುಲೈಯಲ್ಲಿ ಹೊಸ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದ ನಂತರದ ದೃಶ್ಯ ಎಂಬುದೂ ಖಚಿತವಾಗುತ್ತದೆ. ಹೊಸದಾಗಿ ಬರೆದ ಸರ್ಕಾರಿ ಫಲಕದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ ನಾಮಕರಣಕ್ಕಿಂತ ಹಿಂದಿನದಿರಬೇಕು. ಗೋಡೆಯ ಮೇಲಿನ ಸಿನಿಮಾ ಪೋಸ್ಟರ್ ಇಸವಿಯ ಹತ್ತಿರ ತಂದು ನಿಲ್ಲಿಸುತ್ತದೆ, ಆದರೆ ಹಳೆಯ ಚಿತ್ರಗಳು ನಮ್ಮೂರುಗಳಲ್ಲಿ ಮತ್ತೆ ಮತ್ತೆ ತೆರೆಕಾಣುತ್ತಿದ್ದುದರಿಂದ ಪೋಸ್ಟರ್ ಹೇಳುವುದು ‘ಇದಕ್ಕಿಂತ ಹಿಂದಲ್ಲ’ ಎಂದು ಮಾತ್ರ. ಹಾಸನಾಂಬೆಯ ದರ್ಶನದ ಸಾಲು ಎಂದು ಹೇಳಿ ಯಾರಾದರೂ ಬೇಸಿಗೆಯ ತಾರೀಖು ಕೊಟ್ಟರೆ ಒಪ್ಪಬೇಡಿ. ಆ ಗುಡಿಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಕ್ಯಾಮೆರಾ ಪರದೆಯ ಮೂಲೆಯಲ್ಲಿ ಮೂಡಿಸಿದ ತಾರೀಖನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಏಕೆಂದರೆ ಗಡಿಯಾರ ಸರಿ ಮಾಡದೆ ಚಿತ್ರ ತೆಗೆದವರೇ ಹೆಚ್ಚು.

ಶಾಲೆಯ ಕ್ಯಾಸೆಟ್ಟಿಗೆ ಗುರುತು ಸಿಕ್ಕಿದ್ದು ಧ್ವನಿಯಿಂದ. ಏಕಪಾತ್ರಾಭಿನಯ ಮುಗಿದ ಹದಿನೇಳು ನಿಮಿಷಗಳ ನಂತರ, ಬಹುಮಾನ ವಿತರಣೆಯಲ್ಲಿ ಮುಖ್ಯೋಪಾಧ್ಯಾಯರು ಶಾಲೆಯ ಹೆಸರನ್ನೂ ಎಷ್ಟನೆಯ ವರ್ಷದ ವಾರ್ಷಿಕೋತ್ಸವ ಎಂಬುದನ್ನೂ ಮೈಕಿನಲ್ಲಿ ಹೇಳುತ್ತಾರೆ. ಶಾಲೆ ಆರಂಭವಾದ ಇಸವಿ ಗೋಡೆಯ ಕಲ್ಲಿನ ಮೇಲಿತ್ತು. ಕೂಡಿಸಿದರೆ ಉತ್ತರ ಬಂತು.

ಹಕ್ಕು ಯಾರದು

ಕ್ಯಾಸೆಟ್ ಯಾರ ಮನೆಯಲ್ಲಿದೆಯೋ ಅವರದೇ ಹಕ್ಕು ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ವಸ್ತುವಿನ ಒಡೆತನ ಬೇರೆ, ಅದರೊಳಗಿನ ದೃಶ್ಯದ ಹಕ್ಕು ಬೇರೆ. ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಕಾರ್ಯಕ್ರಮದ ಕ್ಯಾಸೆಟ್ಟನ್ನು ಮನೆಯವರು ಪ್ರೀತಿಯಿಂದ ಕೊಟ್ಟರೂ, ಪ್ರಸಾರದ ಅನುಮತಿ ಕೊಡುವ ಹಕ್ಕು ಅವರಿಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಒಡೆಯರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಹಾಗಾಗಿ ಮದುವೆ ವಿಡಿಯೊಗೆ ಮನೆಯವರ ಸಹಿ ಬೇಕು, ಶಾಲೆ ದುಡ್ಡು ಕೊಟ್ಟು ತೆಗೆಸಿದ ವಾರ್ಷಿಕೋತ್ಸವಕ್ಕೆ ಶಾಲೆಯ ಸಹಿ ಬೇಕು. ನಮ್ಮ ಕ್ಯಾಸೆಟ್ಟಿಗೆ ಎರಡನ್ನೂ ಪಡೆದೆವು.

ಸಿನಿಮಾದ ಹಕ್ಕು ಬಿಡುಗಡೆಯಾದ ಮರುವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ಬಿಡುಗಡೆಯಾದ ಚಿತ್ರದ ಅವಧಿ 2020ರ ಕೊನೆಗೆ ಮುಗಿದಿದೆ. ಆದರೂ ಅದರ ಹಾಡನ್ನು ಧಾರಾಳವಾಗಿ ಬಳಸಬಹುದು ಎಂದಲ್ಲ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ, ಸಂಯೋಜಿಸಿದವರ ಮರಣಾನಂತರ 60 ವರ್ಷ ನಡೆಯುತ್ತದೆ. ಪೆಂಡಾಲಿನ ದೃಶ್ಯದ ಹಿಂದೆ ಧ್ವನಿವರ್ಧಕದಲ್ಲಿ ಚಿತ್ರಗೀತೆ ಕೇಳುತ್ತಿದ್ದರೆ ಅದಕ್ಕೂ ಪ್ರತ್ಯೇಕ ಅನುಮತಿ ಬೇಕು, ಇಲ್ಲವೇ ಆ ಧ್ವನಿಯನ್ನು ತೆಗೆಯಬೇಕು. ‘ಹತ್ತು ಸೆಕೆಂಡಿಗಿಂತ ಕಡಿಮೆಯಾದರೆ ಕೇಳಬೇಕಿಲ್ಲ’ ಎಂಬ ಮಾತು ನಮ್ಮ ಕ್ಷೇತ್ರದಲ್ಲಿ ಓಡಾಡುತ್ತದೆ, ಕಾಯ್ದೆಯಲ್ಲಿ ಅಂಥ ಸೆಕೆಂಡುಗಳ ಲೆಕ್ಕವೇ ಇಲ್ಲ. ನ್ಯಾಯಯುತ ಬಳಕೆಗೆ ಕಾಯ್ದೆ ಹೆಸರಿಸುವುದು ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಇಂಥವನ್ನು. ನಗಿಸುವುದು ಆ ಪಟ್ಟಿಯಲ್ಲಿಲ್ಲ.

ಒಪ್ಪಿಗೆ ಪತ್ರದಲ್ಲಿ ಅವಧಿಯನ್ನೂ ಪ್ರದೇಶವನ್ನೂ ಬಿಡಿಸಿ ಬರೆಯಿರಿ. ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಮತ್ತು ಭಾರತಕ್ಕೆ ಮಾತ್ರ ಎಂದು ತಿಳಿಯುತ್ತದೆ. ಪ್ರೋಮೋ, ಮರುಪ್ರಸಾರ, ಒಟಿಟಿ, ಯೂಟ್ಯೂಬ್ ಒಂದೊಂದನ್ನೂ ಹೆಸರಿಸಬೇಕು. ಟಿವಿಗೆ ಮಾತ್ರ ಅನುಮತಿ ಪಡೆದ ತುಣುಕು ಯೂಟ್ಯೂಬಿಗೆ ಹೋದ ಮೇಲೆ ಹಕ್ಕುದಾರರ ಆಕ್ಷೇಪ ಬಂದು ಇಡೀ ಕಂತೇ ತಡೆಹಿಡಿಯಲ್ಪಟ್ಟದ್ದನ್ನು ಕಂಡಿದ್ದೇನೆ. ಸಂಸ್ಥೆಗಳಿಂದ ಕೊಳ್ಳುವಾಗ ಮೊದಲು ವಾಟರ್‌ಮಾರ್ಕ್ ಮತ್ತು ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯ ಹೇಳುವ ಅಂಕಿ) ಇರುವ ಲೋ-ರೆಸ್, ಎಂದರೆ ಕಡಿಮೆ ಗುಣಮಟ್ಟದ, ಪ್ರತಿ ತರಿಸಿಕೊಳ್ಳಿ, ಎಡಿಟ್ ಲಾಕ್ ಆದ ಮೇಲೆ (ಇನ್ನು ಬದಲಾವಣೆಯಿಲ್ಲ ಎಂದು ಅಂತಿಮವಾದ ಮೇಲೆ) ಬೇಕಾದಷ್ಟಕ್ಕೇ ಪೂರ್ಣ ಗುಣಮಟ್ಟದ ಮಾಸ್ಟರ್ ಪ್ರತಿ ಕೇಳಿ, ಎರಡೂ ತುದಿಯಲ್ಲಿ ಒಂದೊಂದು ಸೆಕೆಂಡ್ ಹೆಚ್ಚುವರಿ ಇರಲಿ.

ಕಾಗದ ಸರಿಯಿದ್ದರೂ ಉಳಿಯುವ ಪ್ರಶ್ನೆಯೊಂದಿದೆ. ಅತಿಥಿಯ ಪಕ್ಕದಲ್ಲಿ ನಿಂತ ಇತರ ಮಕ್ಕಳು ಈಗ ನಡುವಯಸ್ಸಿನವರು, ನಗೆಗಡಲಿನ ನಡುವೆ ತಮ್ಮ ಮುಖ ಕಾಣುವುದು ಅವರಿಗೆ ಇಷ್ಟವೇ? ಪತ್ತೆಯಾದವರನ್ನು ಕೇಳುತ್ತೇವೆ, ಉಳಿದವರು ಕಾಣದಂತೆ ಚೌಕಟ್ಟನ್ನು ಬಿಗಿ ಮಾಡುತ್ತೇವೆ. ಇನ್ನು, ಹಳೆಯ ದೃಶ್ಯಕ್ಕೆ ಹೊಸ ಮಾತು ಡಬ್ ಮಾಡಿ ನಗಿಸುವುದು ನನಗೆ ಒಪ್ಪಿಗೆಯಾಗದ ಕೆಲಸ. ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಧಕ್ಕೆ ತಂದರೆ ಪ್ರಶ್ನಿಸುವ ಹಕ್ಕು ಕರ್ತೃವಿಗಷ್ಟೇ ಅಲ್ಲ, 2012ರ ತಿದ್ದುಪಡಿಯ ನಂತರ ಕಲಾವಿದರಿಗೂ ಇದೆ ಎಂಬುದನ್ನು ತಂಡದವರಿಗೆ ತಿಳಿಸಿಬಿಡಿ.

ಎಡಿಟ್ ಮೇಜಿನಲ್ಲಿ

ಹಳೆಯ ಚಿತ್ರದ ಚೌಕಟ್ಟಿನ ಅಗಲ, ಎತ್ತರಗಳ ಅನುಪಾತ 4:3, ಇಂದಿನ ತೆರೆಯದು 16:9. ತೆರೆ ತುಂಬಲೆಂದು ಎಳೆದರೆ ಮುಖಗಳೆಲ್ಲ ಅಗಲವಾಗಿ, ನಮ್ಮವರೇ ನಮಗೆ ಅಪರಿಚಿತರಂತೆ ಕಾಣುತ್ತಾರೆ. 1920 ಚುಕ್ಕಿ ಅಗಲದ ತೆರೆಯಲ್ಲಿ 1440ರಷ್ಟು ಚಿತ್ರವನ್ನು ಕೂರಿಸಿ, ಎರಡೂ ಬದಿಗೆ 240ರಷ್ಟು ಜಾಗವನ್ನು ಕಪ್ಪಾಗಿಯೇ ಬಿಡಿ. ತೋಟದ ಮನೆಗಳಲ್ಲಿ ಒಮ್ಮೊಮ್ಮೆ ಸಿಗುವ 8 ಎಂಎಂ ಫಿಲ್ಮ್ ಸೆಕೆಂಡಿಗೆ 16 ಫ್ರೇಮ್‌ನಲ್ಲಿ ತೆಗೆದದ್ದಾಗಿದ್ದರೆ, 25ರಲ್ಲಿ ಓಡಿಸಿದಾಗ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು ವೇಗವಾಗಿ, ಅಜ್ಜಿಯ ನಡಿಗೆಯೂ ಬೊಂಬೆಯ ಕುಣಿತದಂತಾಗುತ್ತದೆ. ಮೂಲ ವೇಗಕ್ಕೆ ಇಳಿಸಿಯೇ ತೋರಿಸಬೇಕು.

ಹಾಡಿನ ಕಾರ್ಯಕ್ರಮದವರು ಇನ್ನೊಂದನ್ನು ಗಮನಿಸಬೇಕು. ಸಿನಿಮಾ ತೆಗೆದದ್ದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಟಿವಿ ಟೇಪಿಗೆ ಇಳಿಸಿದ್ದು 25ರಲ್ಲಿ. ಹೀಗೆ ಬಂದ ಹಾಡು ಶೇಕಡ 4ರಷ್ಟು ವೇಗವಾಗಿರುತ್ತದೆ, ಶ್ರುತಿಯೂ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಅದರ ಪಕ್ಕದ್ದಕ್ಕೆ ಇರುವ ಅಂತರ) ತುಸು ಕಡಿಮೆಯಷ್ಟು ಏರಿರುತ್ತದೆ. ಹಳೆಯ ತುಣುಕಿನಿಂದ ಆರಂಭಿಸಿ ವೇದಿಕೆಯ ಗಾಯಕಿ ಅದೇ ಸಾಲನ್ನು ಎತ್ತಿಕೊಳ್ಳುವ ಯೋಜನೆಯಿದ್ದರೆ, ವಾದ್ಯದವರಿಗೆ ಮೊದಲೇ ಹೇಳಿ ತುಣುಕಿನ ಶ್ರುತಿ ಸರಿಪಡಿಸಿಕೊಳ್ಳಿ. ಇಲ್ಲವಾದರೆ ತಪ್ಪು ಗಾಯಕಿಯದು ಎಂದು ಮನೆಮಂದಿಯೆಲ್ಲ ಭಾವಿಸುತ್ತಾರೆ.

ಕಪ್ಪು ಬಿಳುಪಿಗೆ ಕೃತಕ ಬುದ್ಧಿಮತ್ತೆಯಿಂದ ಬಣ್ಣ ಹಚ್ಚಿದ್ದರೆ ಆ ಮಾತು ತೆರೆಯ ಮೇಲೆ ಇರಲಿ. ಸೀರೆಯ ಬಣ್ಣ ನಿಜವಾಗಿ ಯಾವುದಿತ್ತೆಂದು ಯಂತ್ರಕ್ಕೆ ಗೊತ್ತಿಲ್ಲ. ಊರು ಮತ್ತು ಇಸವಿಯ ಶೀರ್ಷಿಕೆ ತುಣುಕಿನ ಮೊದಲ ಕ್ಷಣದಿಂದಲೇ ಕಾಣಲಿ. ಇಸವಿ ಖಚಿತವಾಗದಿದ್ದರೆ ‘1990ರ ದಶಕ’ ಎಂದು ಬರೆಯುವುದರಲ್ಲಿ ಅವಮಾನವೇನಿಲ್ಲ. ತೀರ್ಪುಗಾರರು ನಗುವ ಶಾಟ್‌ಗಳನ್ನು ನಡುನಡುವೆ ತೂರಿಸದೆ ಹಳೆಯ ದೃಶ್ಯವನ್ನು ಒಂದೇ ಉಸಿರಿಗೆ ಓಡಲು ಬಿಡಿ.

ಕೊನೆಗೆ ಕ್ಯೂ ಶೀಟ್, ಎಂದರೆ ಬಳಸಿದ ತುಣುಕುಗಳ ಪಟ್ಟಿ: ತುಣುಕಿನ ಮೂಲ, ಅಲ್ಲಿನ ಟೈಮ್‌ಕೋಡ್, ಕಂತಿನಲ್ಲಿ ಬಂದ ಜಾಗ, ಅವಧಿ, ಹಕ್ಕುದಾರರು, ಅನುಮತಿ ಮುಗಿಯುವ ದಿನ. ಮೂಲ ಕ್ಯಾಸೆಟ್ಟನ್ನು ಪ್ರಸಾರದ ವಾರವೇ ಹಿಂದಿರುಗಿಸಿ, ಇಳಿಸಿಕೊಂಡ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಜೊತೆಗೆ ಕೊಟ್ಟು, ರಸೀದಿಗೆ ಸಹಿ ಪಡೆಯಿರಿ. ನಾವು ಸಕಲೇಶಪುರದ ಆ ಮನೆಗೆ ಹೋದಾಗ ಸ್ಪರ್ಧಿಯ ಅಜ್ಜಿ ಲ್ಯಾಪ್‌ಟಾಪಿನ ಮುಂದೆ ಕೂತು, ಮೊಮ್ಮಗನನ್ನು ಬಿಟ್ಟು ಎರಡನೇ ಸಾಲಿನ ಹುಡುಗಿಯೊಬ್ಬಳ ಕಡೆ ಬೆರಳು ತೋರಿಸಿ, ಅವಳು ಪಕ್ಕದ ಲೈನ್ ಮನೆಯವರ (ತೋಟದ ಕಾರ್ಮಿಕರ ಸಾಲುಮನೆ) ಮಗಳೆಂದೂ ಅವಳ ಹೆಸರೇನೆಂದೂ ಹೇಳಿದರು. ಆ ಹೆಸರನ್ನು ಅಲ್ಲಿಯೇ ಕೂತು, ಟೈಮ್‌ಕೋಡ್ ಸಮೇತ, ನಮ್ಮ ಪಟ್ಟಿಗೆ ಸೇರಿಸಿಕೊಂಡೆವು.