ಅದಿರಿನ ರೈಲು ಇಳಿದ ದಾರಿಯಲ್ಲಿ: ಸ್ಪೇನ್‌ನ ‘ಹಸಿರು ಹಾದಿ’ಗೆ ಗ್ರಾವೆಲ್ ಸೈಕಲ್ ಇಳಿಸುವುದು ಹೇಗೆ?

ರೈಲು ನಿಂತುಹೋದ ಹಳಿದಾರಿಗಳನ್ನು ನಡೆಯುವವರಿಗೂ ಸೈಕಲ್‌ನವರಿಗೂ ಬಿಟ್ಟುಕೊಡುವ ಕೆಲಸ ಸ್ಪೇನ್‌ನಲ್ಲಿ 1993ರಲ್ಲಿ ಶುರುವಾಯಿತು. ಅಲ್ಲಿ ಇವಕ್ಕೆ ‘ವಿಯಾ ವೆರ್ದೆ’ ಎನ್ನುತ್ತಾರೆ, ಅಂದರೆ ಹಸಿರು ಹಾದಿ. ದೇಶದಲ್ಲಿ ಇಂಥ ಹಾದಿ ಒಟ್ಟು 3,000 ಕಿ.ಮೀ. ದಾಟಿದೆ. ಗ್ರಾವೆಲ್ ಸೈಕಲ್ ಎಂದರೆ ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್. ಈ ಹಾದಿಗಳಲ್ಲಿ ಕಾರು, ಲಾರಿಗಳ ಕಾಟವಿಲ್ಲ. ಏರು ಕೂಡ ಕಾಲು ಮುರಿಯುವಂಥದ್ದಲ್ಲ, ಏಕೆಂದರೆ ಅದನ್ನು ಅಳೆದದ್ದು ಎಂಜಿನ್ನಿನ ತಾಕತ್ತು ನೋಡಿಕೊಂಡು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲೂ ಹಳಿಯ ಏರು 50 ಮೀಟರಿಗೆ 1 ಮೀಟರಿನ ಲೆಕ್ಕದ್ದೇ. ಅಲ್ಲಿ ರೈಲು ಓಡುತ್ತಿದೆ, ಹಳಿ ಮೇಲೆ ಕಾಲಿಡುವಂತಿಲ್ಲ. ಇಲ್ಲಿ ಹಳಿಯೇ ಇಲ್ಲ.

ಇವುಗಳಲ್ಲಿ ಅತಿ ಉದ್ದದ್ದು ಓಹೋಸ್ ನೆಗ್ರೋಸ್ ಹಾದಿ, ಸುಮಾರು 160 ಕಿ.ಮೀ. ತೆರುವೆಲ್ ಪ್ರಾಂತ್ಯದ ಗಣಿಯಿಂದ ಮೆಡಿಟರೇನಿಯನ್ ದಂಡೆಯ ಸಗುಂತೋಗೆ ಕಬ್ಬಿಣದ ಅದಿರು ಸಾಗಿಸಲು 1907ರಲ್ಲಿ ಓಡಾಟ ಶುರುವಾದ ಮೀಟರ್ ಗೇಜ್ ಮಾರ್ಗವಿದು, 1972ರಲ್ಲಿ ನಿಂತಿತು. ಪಕ್ಕದಲ್ಲೇ ಪ್ರಯಾಣಿಕರ ರೈಲು ಮಾರ್ಗವಿತ್ತು. ಸಾಗಣೆ ದರದ ಬಗ್ಗೆ ಒಪ್ಪಂದ ಕುದುರದೆ ಗಣಿ ಕಂಪನಿ ತನ್ನದೇ ಹಳಿ ಹಾಕಿಕೊಂಡಿತು. ಆ ಜಗಳದ ಲಾಭ ಇಂದು ಸೈಕಲ್‌ನವರಿಗೆ: ಹಾದಿಯ ಬಹುಭಾಗಕ್ಕೆ ಆಸುಪಾಸಿನಲ್ಲೇ ರೈಲು ನಿಲ್ದಾಣ ಸಿಗುತ್ತದೆ, ಸೈಕಲ್ ಕೈಕೊಟ್ಟರೆ ಅಲ್ಲಿಗೆ ತಳ್ಳಿಕೊಂಡು ಹೋಗಬಹುದು.

ಮೊದಲು ದಿಕ್ಕು ನಿರ್ಧರಿಸಿ

ಅದಿರು ಹೋದ ದಿಕ್ಕಿಗೇ ಹೋಗಿ, ತೆರುವೆಲ್‌ನಿಂದ ಸಮುದ್ರದತ್ತ. ನಕ್ಷೆಯಲ್ಲಿ ‘ಸಮುದ್ರಕ್ಕೆ ಇಳಿಜಾರು’ ಎಂದು ಕಂಡರೂ ಮೊದಲ ಅರ್ಧ ದಿನ ಏರೇ. ತೆರುವೆಲ್ ಪಟ್ಟಣ ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಬೆಟ್ಟ ದಾಟುವ ಎಸ್ಕಂದೋನ್ ಕಣಿವೆದಾರಿ ಇರುವುದು 1,200 ಮೀಟರ್ ಮೇಲೆ. ಇದು ಗೊತ್ತಿಲ್ಲದೆ ಹೊರಟವರು ಮಧ್ಯಾಹ್ನದ ಹೊತ್ತಿಗೆ ನೀರು, ಉಮೇದು ಎರಡನ್ನೂ ಮುಗಿಸಿರುತ್ತಾರೆ. ಕಣಿವೆ ದಾಟಿದ ಮೇಲೆ ಸರ್ರಿಯೋನ್, ಅಲ್ಬೆಂತೋಸಾ ಮೂಲಕ ಬರ್ರಾಕಾಸ್. ಅಲ್ಲಿಂದ ಸುಮಾರು 68 ಕಿ.ಮೀ. ಹೆಚ್ಚುಕಡಿಮೆ ಇಳಿಜಾರೇ: ಕೌದಿಯೆಲ್, ಹೆರಿಕಾ, ನವಾಹಾಸ್, ಸೆಗೋರ್ಬೆ, ಆಮೇಲೆ ಕಿತ್ತಳೆ ತೋಟಗಳು.

ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ತೆರುವೆಲ್‌ನಿಂದ ಬರ್ರಾಕಾಸ್, 60 ಕಿ.ಮೀ. ಆಸುಪಾಸು. ಏಪ್ರಿಲ್‌ನಿಂದ ಜೂನ್ ಮೊದಲ ವಾರ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಸೂಕ್ತ. ಚಳಿಗಾಲದಲ್ಲಿ ತೆರುವೆಲ್ ಪ್ರಸ್ಥಭೂಮಿಯ ರಾತ್ರಿಗಳು ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತವೆ.

ಸೈಕಲ್‌ನ್ನು ರೈಲಿಗೆ ಹತ್ತಿಸುವುದು

ಪ್ರಾದೇಶಿಕ ರೈಲುಗಳಲ್ಲಿ ಸೈಕಲ್‌ಗೆ ಇರುವುದು ಬೆರಳೆಣಿಕೆಯ ಜಾಗ. ಟಿಕೆಟ್ ಕೊಳ್ಳುವಾಗಲೇ ಸೈಕಲ್‌ಗೂ ಜಾಗ ಕಾದಿರಿಸಿ, ಹೊರಡುವ ಮುನ್ನ ವೇಳಾಪಟ್ಟಿ ಮತ್ತೊಮ್ಮೆ ನೋಡಿ. ಹೈಸ್ಪೀಡ್ ರೈಲಿನಲ್ಲಾದರೆ ಸೈಕಲ್ ಬಿಚ್ಚಿ ಚೀಲದಲ್ಲಿ ಹಾಕಿರಬೇಕು. ವಿಮಾನದಲ್ಲಿ ಒಯ್ಯುವವರು ಹಿಂದಿನ ಡಿರೇಲರ್ (ಗೇರ್ ಬದಲಿಸುವ ಸಾಧನ) ಬಿಚ್ಚಿ ಬಟ್ಟೆ ಸುತ್ತಿ ಫ್ರೇಮಿನ ಒಳಗೆ ಕಟ್ಟಿ; ಹಾಗೇ ಬಿಟ್ಟರೆ ಅದನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಅಂದರೆ ಹ್ಯಾಂಗರ್, ಬಾಗುತ್ತದೆ, ಗೇರ್ ಸರಿಯಾಗಿ ಬೀಳುವುದಿಲ್ಲ. ಒಂದು ಹೆಚ್ಚುವರಿ ಹ್ಯಾಂಗರ್ ಜೇಬಿನಲ್ಲಿರಲಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ್ದು, ಹಳ್ಳಿಯಲ್ಲಿ ಸಿಗುವುದಿಲ್ಲ.

ಟೈರ್: ಇಲ್ಲಿ ಜಿಪುಣತನ ಬೇಡ

ನೆಲ ಕೆಲವೆಡೆ ಡಾಂಬರು, ಉಳಿದಂತೆ ಗಟ್ಟಿ ಮಾಡಿದ ಮಣ್ಣು, ಜಲ್ಲಿ. 40ರಿಂದ 45 ಮಿ.ಮೀ. ಟೈರ್ ಸಾಕು, ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಉಬ್ಬುಗಳಿರುವಂಥದ್ದು. ಟ್ಯೂಬ್‌ಲೆಸ್ ಆಗಿದ್ದು ಸವಾರರ ತೂಕ 70 ಕೆ.ಜಿ. ಸುಮಾರಿದ್ದರೆ ಮುಂದೆ 32, ಹಿಂದೆ 35 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ಇಟ್ಟು ಶುರು ಮಾಡಿ. ಹಿಂದೆ ಚೀಲ ಕಟ್ಟಿದ್ದರೆ ಎರಡು–ಮೂರು ಪಿಎಸ್‌ಐ ಸೇರಿಸಿ. ಟ್ಯೂಬ್ ಇದ್ದರೆ 45ರ ಹತ್ತಿರ ಇಡಿ. ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ನಜ್ಜಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ.

ನಿಜವಾದ ಶತ್ರು ಮುಳ್ಳು. ನಮ್ಮ ಬಯಲುಸೀಮೆಯ ನೆಗ್ಗಿಲ ಮುಳ್ಳು ಸ್ಪೇನ್‌ನಲ್ಲೂ ಬೆಳೆಯುತ್ತದೆ, ಅದೇ ಗಿಡ. ಬಿಸಿಲಿಗೆ ಒಣಗಿದ ಕಾಯಿ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಅದಕ್ಕೆ ಟೈರಿಗೆ ತಲಾ 60 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಹೊಸದಾಗಿ ತುಂಬಿಸಿ. ಮೂರು ತಿಂಗಳ ಹಿಂದೆ ಹಾಕಿದ್ದು ಒಣಗಿ ರಬ್ಬರ್ ಚರ್ಮವಾಗಿರುತ್ತದೆ. ಟೈರ್ ಅಲುಗಿಸಿದಾಗ ಒಳಗೆ ಕುಲುಕಿದ ಸದ್ದು ಬರದಿದ್ದರೆ ಅದು ಮುಗಿದಿದೆ. ಮುಳ್ಳು ಚುಚ್ಚಿದರೆ ಒಂದೊಂದಾಗಿ ಕೀಳಿ. ಒಂದು ಕಿತ್ತ ಕೂಡಲೇ ಆ ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ಹಿಡಿಯಿರಿ, ಸೀಲಂಟ್ ಅಲ್ಲಿ ತುಂಬಿಕೊಳ್ಳುತ್ತದೆ. ಟ್ಯೂಬ್ ಬದಲಿಸುವವರು ಹೊಸದನ್ನು ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ. ಎಳೆ ಸಿಕ್ಕಿಕೊಂಡ ಕಡೆ ಮುರಿದ ಮೊನೆ ಕೂತಿರುತ್ತದೆ. ಅದನ್ನು ಬಿಟ್ಟರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಮಲಗುತ್ತದೆ.

ಮಳೆ ಬಿದ್ದ ಮರುದಿನ ತೆರುವೆಲ್ ಕಡೆಯ ಜೇಡಿ ಅಂಟಿಕೊಂಡು ಫ್ರೇಮಿಗೂ ಟೈರಿಗೂ ನಡುವೆ ಕಟ್ಟುತ್ತದೆ. ಬಲವಂತವಾಗಿ ತುಳಿದರೆ ಡಿರೇಲರ್ ಮುರಿಯುತ್ತದೆ. ಕಡ್ಡಿಯಿಂದ ಕೆರೆದು, ಒಣಗಿದ ಅಂಚಿನಲ್ಲಿ ತಳ್ಳಿಕೊಂಡು ಹೋಗಿ.

ಸುರಂಗ, ಅಡ್ಡರಸ್ತೆ

ಬಿಸಿಲಿನಿಂದ ಕತ್ತಲಿಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಸುರಂಗದ ಬಾಯಿಗೆ ಮುಂಚೆಯೇ ಕಪ್ಪು ಕನ್ನಡಕ ತೆಗೆಯಿರಿ, ಮುಂದೆ ಕನಿಷ್ಠ 300 ಲ್ಯೂಮೆನ್ ದೀಪ, ಹಿಂದೆ ಕೆಂಪು ದೀಪ ಹಚ್ಚಿ. ಒಳಗೆ ನೀರು ತೊಟ್ಟಿಕ್ಕಿ ನೆಲ ಜಾರುತ್ತದೆ. ಗುಡ್ಡ ಸೀಳಿ ದಾರಿ ಮಾಡಿದ ಕಡೆ ಉದುರಿದ ಕಲ್ಲುಗಳಿರುತ್ತವೆ, ಇಳಿಜಾರಿನಲ್ಲಿ ನಿಗಾ ಇಡಿ. ‘ಟ್ರಾಫಿಕ್ ಇಲ್ಲ’ ಎಂದರೆ ಏನೂ ಬರುವುದೇ ಇಲ್ಲ ಎಂದಲ್ಲ: ರೈತರ ಟ್ರ್ಯಾಕ್ಟರ್ ಬರಬಹುದು, ಅಡ್ಡರಸ್ತೆಗಳಲ್ಲಿ ಕಾರು ಬರುತ್ತದೆ. ನಡೆಯುವವರಿಗೆ ಮೊದಲ ಹಕ್ಕು. ಪಟ್ಟಣದ ಹೊರಗೆ ಹೆಲ್ಮೆಟ್ ಕಡ್ಡಾಯ. ತುರ್ತಿಗೆ 112.

ನೀರು, ಊಟ

ಮೇಲಿನ ಭಾಗದಲ್ಲಿ ಊರಿಂದ ಊರಿಗೆ ದೂರ ಹೆಚ್ಚು. ಮೂರು ಲೀಟರ್ ಹೊತ್ತೇ ಹೊರಡಿ. ಊರಿನ ಕಾರಂಜಿಯ ಮೇಲೆ ‘ನೋ ಪೊತಾಬ್ಲೆ’ ಎಂದಿದ್ದರೆ ಕುಡಿಯಬೇಡಿ. ಮಧ್ಯಾಹ್ನ ಎರಡಕ್ಕೆ ಅಂಗಡಿ ಮುಚ್ಚಿದರೆ ಮತ್ತೆ ಸಂಜೆ ಐದಕ್ಕೇ. ರಾತ್ರಿ ಊಟ ಎಂಟೂವರೆಗೆ ಮುಂಚೆ ಸಿಗುವುದು ಅಪರೂಪ.

ಸಸ್ಯಾಹಾರಿಗಳು ಸಲಾಡ್ ಕೇಳಿದರೆ ಅದರ ಮೇಲೆ ಮೀನು ಉದುರಿಸಿಯೇ ತರುತ್ತಾರೆ. ‘ಸಿನ್ ಆತೂನ್, ಸಿನ್ ಹಾಮೋನ್’ (ಟ್ಯೂನಾ ಬೇಡ, ಹಂದಿಮಾಂಸ ಬೇಡ) ಎಂದು ಮೊದಲೇ ಹೇಳಿ. ಮೊಟ್ಟೆ ತಿನ್ನುವವರಿಗೆ ಚಿಂತೆಯಿಲ್ಲ: ಆಲೂಗಡ್ಡೆ ತೊರ್ತಿಯಾ (ದಪ್ಪ ಆಮ್ಲೆಟ್) ಇಟ್ಟ ದಪ್ಪ ಬ್ರೆಡ್ಡು ಹೆಚ್ಚುಕಡಿಮೆ ಎಲ್ಲ ಬಾರ್‌ಗಳಲ್ಲೂ ಸಿಗುತ್ತದೆ, ಜೇಬಿನಲ್ಲಿಟ್ಟು ಒಯ್ಯಲೂ ಬರುತ್ತದೆ.

ಸಗುಂತೋದಿಂದ ವಲೆನ್ಸಿಯಾಕ್ಕೆ ಸಬರ್ಬನ್ ರೈಲು ಇದೆ. ಹತ್ತುವ ಮೊದಲು ಸೈಕಲ್‌ಗೆ ಅಂಟಿದ ಮಣ್ಣು ಕೆರೆದುಬಿಡಿ. ನೆಗ್ಗಿಲು ಚುಚ್ಚಿಕೊಂಡಿದ್ದರೆ ಅದನ್ನೂ ಅಲ್ಲೇ ಕಿತ್ತು ಕಸದ ಬುಟ್ಟಿಗೆ ಹಾಕಿ.