ಹೊಟ್ಟೆ ನೋಡಿ ಊಟ: ಗೊದ್ದ ಸಾಕಿದ ನನ್ನ ಮೂರು ವರ್ಷ

ರಾತ್ರಿ ಒಂಬತ್ತೂವರೆಗೆ ಔಷಧಿ ಅಂಗಡಿಯ ಶಟರ್ ಎಳೆದು ಮನೆಗೆ ಬಂದರೆ, ಕೈಕಾಲು ತೊಳೆದು ನಾನು ಮೊದಲು ಹೋಗುವುದು ನಡುಮನೆಯ ಮೂಲೆಗೆ. ಅಲ್ಲಿ ಮೇಜಿನ ಮೇಲೆ ಸುಮಾರು ಆರು ನೂರು ಗೊದ್ದಗಳು ವಾಸವಾಗಿವೆ. ಒಂದು ರಾಣಿ, ಉಳಿದವೆಲ್ಲ ಅದರ ಹೆಣ್ಣುಮಕ್ಕಳು. ಟಾರ್ಚಿಗೆ ಕೆಂಪು ಜಿಲೇಟಿನ್ ಹಾಳೆ ಸುತ್ತಿ ಗೂಡಿನ ಗಾಜಿನ ಮೇಲೆ ಹಿಡಿಯುತ್ತೇನೆ. ಕೆಂಪು ಬೆಳಕು ಇರುವೆಗಳಿಗೆ ಅಷ್ಟಾಗಿ ಕಾಣುವುದಿಲ್ಲ, ಗಾಬರಿ ಬೀಳದೆ ತಮ್ಮ ಕೆಲಸದಲ್ಲಿರುತ್ತವೆ. ನಾನು ಆಗ ನೋಡುವುದು ಅವುಗಳ ಹೊಟ್ಟೆಯನ್ನು. ಹಸಿದ ಗೊದ್ದದ ಹೊಟ್ಟೆ ಗಿಡ್ಡವಾಗಿ, ಪೂರ್ತಿ ಕಪ್ಪಾಗಿ, ಪಟ್ಟಿಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಉಂಡ ಗೊದ್ದದ ಹೊಟ್ಟೆ ಉಬ್ಬಿ, ಕರಿಯ ಪಟ್ಟಿಗಳ ನಡುವಿನ ತೆಳುಪೊರೆ ಹಿಗ್ಗಿ, ಬೆಳಕು ಹಾಯುವ ಗೆರೆಗಳು ಮೂಡುತ್ತವೆ. ಹತ್ತರಲ್ಲಿ ಏಳೆಂಟು ಹೊಟ್ಟೆ ಹೀಗೆ ಗೆರೆ ತೋರಿಸುತ್ತಿದ್ದರೆ ಆ ರಾತ್ರಿ ಬೆಲ್ಲದ ನೀರು ಕೊಡುವುದಿಲ್ಲ.

ಇಷ್ಟನ್ನು ಕಲಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಆದ ಸಾವುಗಳಿಗೆ ನಾನೇ ಹೊಣೆ. ಹೊಸದಾಗಿ ಇರುವೆ ಸಾಕಲು ಹೊರಟವರಿಗೆ ಆ ಒಂದೂವರೆ ವರ್ಷ ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಬೆಟಗೇರಿಯಲ್ಲಿ, ಅಂಗಡಿ ಗದುಗಿನಲ್ಲಿ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ಒಂದು ಸಂಜೆ ಅಡ್ಡಮಳೆ ಹೊಡೆದು ನಿಂತಿತ್ತು. ಅಂಗಡಿಯ ಮುಂದಿನ ದೀಪಕ್ಕೆ ಈಚಲು ಹುಳುಗಳು ಮುತ್ತಿದ್ದವು. ಅವುಗಳ ನಡುವೆ ಮೆಟ್ಟಿಲ ಮೇಲೆ ಒಂದು ದಪ್ಪ ಗೊದ್ದ ಅವಸರದಿಂದ ಓಡಾಡುತ್ತಿತ್ತು. ಎದೆಯ ಭಾಗ ಮಾಮೂಲಿ ಗೊದ್ದಕ್ಕಿಂತ ಬಹಳ ಅಗಲ, ಹೊಟ್ಟೆ ಉದ್ದ. ರೆಕ್ಕೆ ಉದುರಿದ ಜಾಗದಲ್ಲಿ ಚಿಕ್ಕ ಕಲೆಗಳಿದ್ದವು. ಗಂಡಿನೊಡನೆ ಹಾರಿ, ಕೂಡಿ, ನೆಲಕ್ಕಿಳಿದು, ರೆಕ್ಕೆ ಕಳಚಿ, ಬಿಲ ತೋಡಲು ಜಾಗ ಹುಡುಕುತ್ತಿದ್ದ ರಾಣಿ ಅದು. ವಿಜ್ಞಾನದಲ್ಲಿ ಇದರ ಹೆಸರು ಕ್ಯಾಂಪೊನೋಟಸ್ ಕಂಪ್ರೆಸಸ್. ನಮ್ಮ ಕಡೆ ಹಿತ್ತಿಲು, ಬೇವಿನ ಮರದ ಬುಡ, ಎಲ್ಲೆಡೆ ಕಾಣುವ ಕರಿಯ ಗೊದ್ದ. ಕೈಗೆ ಸಿಕ್ಕ ಮಾತ್ರೆಯ ಡಬ್ಬಿಯಲ್ಲಿ ಹಿಡಿದು ಮನೆಗೆ ತಂದೆ. ಅವ್ವ ನೋಡಿ, "ಒಳಗಿನ ಇರುವೆಯನ್ನು ಹೊರಗೆ ಹಾಕುವುದರಲ್ಲೇ ನನ್ನ ಜೀವ ಹೋಗುತ್ತದೆ, ನೀನು ಹೊರಗಿನದನ್ನು ಒಳಗೆ ತಂದೆಯಲ್ಲೋ" ಎಂದಳು.

ಇರುವೆ ಬೇಕೆಂದು ನೆಲ ಅಗೆದು ಗೂಡು ಕೀಳುವವರಿದ್ದಾರೆ. ಅದನ್ನು ಯಾರೂ ಮಾಡಬಾರದು. ರಾಣಿ ಆಳದಲ್ಲಿರುತ್ತದೆ, ಸಿಗುವುದು ಅಪರೂಪ. ಅಗೆದವರ ಕೈಗೆ ಬರುವುದು ತಾಯಿಯಿಲ್ಲದ ಒಂದು ಹಿಡಿ ಇರುವೆ, ಹಿಂದೆ ಉಳಿಯುವುದು ಹಾಳುಬಿದ್ದ ಗೂಡು. ಮಳೆಯ ಸಂಜೆಗೆ ಕಾದು ಒಂಟಿ ರಾಣಿಯನ್ನು ಹಿಡಿಯುವುದೇ ಸರಿಯಾದ ದಾರಿ. ಸ್ವಂತ ಊರಿನ ಜಾತಿಯನ್ನೇ ಸಾಕಬೇಕು, ದೂರದಿಂದ ತರಿಸಬಾರದು. ತಪ್ಪಿಸಿಕೊಂಡರೆ ಪರಊರಿನ ಇರುವೆ ಇಲ್ಲಿಯ ನೆಲಕ್ಕೆ ಏನು ಮಾಡೀತೆಂದು ಹೇಳಲಾಗದು.

ರಾಣಿಗೆ ಮೊದಲ ಮನೆ ಟೆಸ್ಟ್ ಟ್ಯೂಬ್. ಮೂರನೆಯ ಒಂದು ಭಾಗ ನೀರು ತುಂಬಿ, ಅದರ ಮೇಲೆ ಹತ್ತಿಯನ್ನು ಬಿಗಿಯಾಗಿ ತುರುಕಬೇಕು. ಹತ್ತಿ ತೇವವಾಗಿರಬೇಕು, ತೊಟ್ಟಿಕ್ಕಬಾರದು. ರಾಣಿಯನ್ನು ಒಳಗೆ ಬಿಟ್ಟು ಬಾಯಿಗೆ ಒಣ ಹತ್ತಿ ಇಟ್ಟರೆ ಮುಗಿಯಿತು. ಊಟ ಬೇಡ. ಈ ಜಾತಿಯ ರಾಣಿ ಮೊದಲ ಮಕ್ಕಳು ಹೊರಬರುವವರೆಗೆ ಏನನ್ನೂ ಉಣ್ಣುವುದಿಲ್ಲ. ಇನ್ನು ಬೇಕಾಗದ ರೆಕ್ಕೆಯ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡು ತಾನೂ ಬದುಕುತ್ತದೆ, ಮರಿಗಳಿಗೂ ಬಾಯಿಂದ ಉಣಿಸುತ್ತದೆ.

ನಾನು ಆ ಟ್ಯೂಬನ್ನು ಪಡಸಾಲೆಯ ಗೋಡೆಯ ಹಲಗೆಯ ಮೇಲಿಟ್ಟೆ. ನಾಲ್ಕನೆಯ ದಿನ ಮೊಟ್ಟೆ ಕಂಡವು, ಅಕ್ಕಿ ನುಚ್ಚಿನಂಥ ಆರೇಳು ಬಿಳಿಯ ಕಣಗಳು. ಸಂತೋಷ ತಡೆಯಲಾರದೆ ದಿನಕ್ಕೆ ಮೂರು ಸಲ ಎತ್ತಿ ನೋಡಿದೆ, ಬಂದವರಿಗೆಲ್ಲ ತೋರಿಸಿದೆ. ಹನ್ನೊಂದನೆಯ ದಿನ ಮೊಟ್ಟೆ ಒಂದೂ ಇರಲಿಲ್ಲ, ರಾಣಿಯೇ ತಿಂದಿತ್ತು. ಮತ್ತೆ ಇಟ್ಟಿತು, ಮತ್ತೆ ತಿಂದಿತು. ಜುಲೈನಲ್ಲಿ ಸತ್ತಿತು. ನನ್ನ ಕೈ ಒಂದು ಕಾರಣ. ಇನ್ನೊಂದು ಆ ಗೋಡೆ ಎಂದು ಹೊಳೆದದ್ದು ಆಮೇಲೆ. ಗೋಡೆಯ ಆಚೆ ನೆರೆಮನೆಯವರ ಮಗ್ಗವಿದೆ. ಬೆಳಗಿನಿಂದ ಸಂಜೆಯವರೆಗೆ ಲಾಳಿ ಓಡುವ ಬಡಿತಕ್ಕೆ ನಮ್ಮ ಕಿವಿ ಹುಟ್ಟಿನಿಂದ ಒಗ್ಗಿಹೋಗಿದೆ. ಇರುವೆಗೆ ನೆಲದ ಅದುರು ಕಾಲಿನಿಂದಲೇ ತಿಳಿಯುತ್ತದೆ. ಹಗಲಿಡೀ ಮನೆ ಅದುರುತ್ತಿದ್ದರೆ ಮೊಟ್ಟೆ ಉಳಿಯುವುದಿಲ್ಲವೆಂದೇ ಅದು ತಿಳಿದಿರಬೇಕು.

ಅದೇ ವಾರ ಸಿಕ್ಕಿದ್ದ ಇನ್ನೊಂದು ರಾಣಿ ಉಳಿದದ್ದು ಅದೃಷ್ಟದಿಂದ. ಜಾಗವಿಲ್ಲದೆ ಅದನ್ನು ನಡುಮನೆಯ ಟ್ರಂಕಿನ ಮೇಲೆ, ಅವ್ವ ಮಡಿಸಿಟ್ಟ ಹಳೆಯ ಕೌದಿಯ ಪದರದೊಳಗೆ ಇಟ್ಟಿದ್ದೆ. ಕತ್ತಲು, ಮೆತ್ತಗಿನ ತಳ, ಮಗ್ಗದ ಗೋಡೆಯಿಂದ ದೂರ. ಮೊದಲನೆಯದರ ಸಂಭ್ರಮದಲ್ಲಿ ಇದನ್ನು ಹದಿನೈದು ದಿನ ನೋಡಲೇ ಇಲ್ಲ. ನೋಡಿದಾಗ ಒಳಗೆ ಮರಿಹುಳುಗಳು ಹೊರಳಾಡುತ್ತಿದ್ದವು. ಆಮೇಲೆ ಅವು ರೇಷ್ಮೆ ಸುತ್ತಿಕೊಂಡು ಕೋಶವಾದವು. ಜನ ಇರುವೆ ಮೊಟ್ಟೆ ಎಂದು ತೋರಿಸುವುದು ಸಾಮಾನ್ಯವಾಗಿ ಈ ಕೋಶಗಳನ್ನೇ. ತಿಳಿ ಕಂದು ಬಣ್ಣ, ಒಂದು ತುದಿಯಲ್ಲಿ ಕರಿಯ ಚುಕ್ಕೆ; ಮರಿಹುಳು ಒಡಲಿನ ಕಸವನ್ನೆಲ್ಲ ಒಮ್ಮೆಗೇ ಹೊರಹಾಕಿದ ಗುರುತು ಅದು. ಹಿಡಿದು ತಂದ ನಲವತ್ತನೆಯ ದಿನದ ಹೊತ್ತಿಗೆ ಮೊದಲ ಇರುವೆ ಹೊರಬಂತು. ಬಣ್ಣ ಇನ್ನೂ ಬಲಿತಿರಲಿಲ್ಲ, ಗಾತ್ರ ತಾಯಿಯ ಮೂರನೆಯ ಒಂದು ಭಾಗವೂ ಇರಲಿಲ್ಲ.

ಅಂದು ಮೊದಲ ಊಟ ಕೊಟ್ಟೆ. ಸೂಜಿ ತೆಗೆದ ಸಿರಿಂಜಿನಿಂದ ಟ್ಯೂಬಿನ ಬಾಯಿಯ ಬಳಿ ಸಾಸಿವೆಯಷ್ಟು ಜೇನಿನ ನೀರು. ಆ ಚಿಕ್ಕದು ಹನಿಗೆ ಬಾಯಿ ಹಚ್ಚಿ ನಿಂತಿತು. ಎರಡು ನಿಮಿಷ ಮೀಸೆ ಬಿಟ್ಟರೆ ಬೇರೇನೂ ಅಲುಗಲಿಲ್ಲ. ಹೊಟ್ಟೆ ನಿಧಾನವಾಗಿ ಹಿಗ್ಗಿ ಗೆರೆ ಗೆರೆಯಾಯಿತು. ತಿರುಗಿ ತಾಯಿಯ ಬಳಿ ಹೋಯಿತು. ರಾಣಿ ಮೀಸೆಯಿಂದ ಅದರ ತಲೆಯನ್ನು ಬಡಬಡನೆ ತಟ್ಟಿತು. ಎರಡೂ ಬಾಯಿ ತೆರೆದವು, ನಡುವೆ ಒಂದು ಹನಿ ಹೊಳೆಯಿತು. ನಲವತ್ತು ದಿನ ಉಪವಾಸವಿದ್ದ ತಾಯಿಗೆ ಮಗಳು ಬಾಯಿಂದ ಬಾಯಿಗೆ ಉಣಿಸುವುದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಇರುವೆಗೆ ಎರಡು ಹೊಟ್ಟೆ. ಒಂದು ತನ್ನದು, ಇನ್ನೊಂದು ಊರಿನದು. ಕುಡಿದದ್ದು ಮೊದಲು ಊರಿನ ಹೊಟ್ಟೆಯಲ್ಲಿ ನಿಲ್ಲುತ್ತದೆ, ಕೇಳಿದವರಿಗೆಲ್ಲ ಅದರಿಂದಲೇ ಹಂಚಿಕೆ. ಆದ್ದರಿಂದ ನಾಲ್ಕು ಇರುವೆ ಹೊರಗೆ ಬಂದು ಕುಡಿದರೂ ಗೂಡಿಗೆಲ್ಲ ಊಟ ತಲುಪುತ್ತದೆ.

ನನ್ನ ದೊಡ್ಡ ತಪ್ಪು ಇದಾದ ಮೇಲಿನದು. ಬೆಲ್ಲದ ನೀರಿಗೆ ಅವು ಮುತ್ತುವ ಪರಿ ನೋಡಿ ಅದನ್ನೇ ಕೊಡುತ್ತಾ ಹೋದೆ. ದೀಪಾವಳಿಯ ಹೊತ್ತಿಗೆ ಇಪ್ಪತ್ತೆಂಟು ಇರುವೆಗಳಿದ್ದವು, ಎಲ್ಲವೂ ಗುಂಡಗೆ. ಆದರೆ ಮರಿಹುಳುಗಳು ಇದ್ದಲ್ಲೇ ಇದ್ದವು. ಎರಡು ತಿಂಗಳು ಒಂದೂ ಕೋಶ ಕಟ್ಟಲಿಲ್ಲ. ಚಳಿಗೆಂದುಕೊಂಡೆ. ಚಳಿಯೂ ಇತ್ತು, ಡಿಸೆಂಬರಿನ ರಾತ್ರಿಗಳಲ್ಲಿ ಗೂಡು ಮಂದವಾಗುವುದು ಸಹಜ. ಆದರೆ ನಿಜವಾದ ಕೊರತೆ ಪ್ರೋಟೀನಿನದು. ಬೆಳೆದ ಇರುವೆ ಇನ್ನು ಬೆಳೆಯುವುದಿಲ್ಲ, ಅದಕ್ಕೆ ಓಡಾಡಲು ಸಿಹಿ ಸಾಕು. ಬೆಳೆಯುವುದು ಮರಿಹುಳು, ಮೊಟ್ಟೆ ಇಡುವುದು ರಾಣಿ. ಅವೆರಡಕ್ಕೆ ಹುಳುವಿನ ರಸ ಬೇಕು. ದೊಡ್ಡವು ಗಟ್ಟಿ ಪದಾರ್ಥ ನುಂಗಲಾರವು. ಹುಳುವನ್ನು ಅಗಿದು ರಸ ಹೀರಿ ಒಳಗೆ ಒಯ್ಯುತ್ತವೆ. ಗೊದ್ದದ ಜಾತಿಯ ಒಡಲೊಳಗೆ ಬ್ಲಾಕ್‌ಮಾನಿಯಾ ಎಂಬ ಬ್ಯಾಕ್ಟೀರಿಯಾ ತಲೆತಲಾಂತರದಿಂದ ವಾಸವಾಗಿದ್ದು, ಊಟದಲ್ಲಿ ಕೊರತೆಯಾದ ಕೆಲವು ಅಮೈನೋ ಆಮ್ಲಗಳನ್ನು ಒದಗಿಸುತ್ತದೆ. ನನ್ನ ಗೂಡು ಆ ಎರಡು ತಿಂಗಳು ಸಾಯದೆ ಉಳಿದದ್ದರಲ್ಲಿ ಅದರ ಪಾಲೂ ಇದ್ದೀತು. ಜನವರಿಯಲ್ಲಿ ಬೇಯಿಸಿದ ಮೊಟ್ಟೆಯ ಬಿಳಿ, ಕತ್ತರಿಸಿದ ಮಿಡತೆ ಕೊಡತೊಡಗಿದೆ. ಮೂರು ವಾರದಲ್ಲಿ ಒಂಬತ್ತು ಕೋಶ ಎಣಿಸಿದೆ.

ಹುಳು ಎಲ್ಲಿಂದ ತರುವುದೆಂಬುದು ಇನ್ನೊಂದು ಪಾಠ. ಎರಡನೆಯ ಬೇಸಿಗೆಯಲ್ಲಿ ಬಚ್ಚಲ ಬಳಿ ಮಂಕಾಗಿ ಕುಳಿತಿದ್ದ ಒಂದು ಜಿರಳೆಯನ್ನು ಹಿಡಿದು ಸೀಳಿ ಕೊಟ್ಟೆ. ಬೆಳಿಗ್ಗೆ ನಲವತ್ತಕ್ಕೂ ಹೆಚ್ಚು ಇರುವೆಗಳು ಕಾಲು ಮುದುಡಿಕೊಂಡು ಬಿದ್ದಿದ್ದವು, ಕೆಲವು ಇನ್ನೂ ನಡುಗುತ್ತಿದ್ದವು. ಹಿಂದಿನ ದಿನ ಚರಂಡಿಗೆ ಔಷಧಿ ಹೊಡೆದಿದ್ದರಂತೆ. ಆ ಜಿರಳೆ ಮಂಕಾದದ್ದೇ ವಿಷದಿಂದ ಎಂದು, ದಿನವೂ ಔಷಧಿ ಮಾರುವ ನನಗೆ ಹೊಳೆಯಬೇಕಿತ್ತು. ರಾಣಿ ಉಳಿಯಿತು. ಅಂದಿನಿಂದ ತಾನಾಗಿ ಸತ್ತ ಹುಳು, ಮಂಕಾದ ಹುಳು, ಹತ್ತಿ ಮತ್ತು ಮೆಣಸಿನಕಾಯಿ ಹೊಲದ ಮಿಡತೆ, ಇವು ಯಾವುವೂ ಗೂಡಿನ ಹತ್ತಿರ ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ಹಕ್ಕಿ ಸಾಕುವ ಸ್ನೇಹಿತರಿಂದ ಹಿಟ್ಟಿನ ಹುಳುವಿನ ಮರಿ, ಅಂದರೆ ಮೀಲ್‌ವರ್ಮ್ ತಂದು, ಗೋಧಿ ತೌಡಿನ ಡಬ್ಬಿಯಲ್ಲಿ ಗಜ್ಜರಿ ಹೋಳು ಹಾಕಿ ಸಾಕುತ್ತಿದ್ದೇನೆ. ಮಳೆಗಾಲದ ಆರಂಭದಲ್ಲಿ ಮನೆಯ ದೀಪಕ್ಕೆ ಬರುವ ಈಚಲು ಹುಳುಗಳನ್ನು ಹಿಡಿದು ಫ್ರೀಜರಿನಲ್ಲಿ ಇಡುತ್ತೇನೆ. ಎರಡು ದಿನ ಹೆಪ್ಪುಗಟ್ಟಿದರೆ ಮೈಗಂಟಿದ ನುಸಿಗಳೂ ಸಾಯುತ್ತವೆ. ಕೊಬ್ಬು ತುಂಬಿದ ಆ ಹುಳುಗಳನ್ನು ಅವು ಎಲ್ಲಕ್ಕಿಂತ ಮೊದಲು ಹೊತ್ತೊಯ್ಯುತ್ತವೆ.

ಈಗಿನ ಲೆಕ್ಕ ಹೀಗಿದೆ: ಒಂದು ಪಾಲು ಬೆಲ್ಲಕ್ಕೆ ನಾಲ್ಕು ಪಾಲು ನೀರು, ವಾರಕ್ಕೆರಡು ಸಲ. ಬಾಟಲಿಯ ಮುಚ್ಚಳದಲ್ಲಿ ಹತ್ತಿ ಇಟ್ಟು ಅದಕ್ಕೆ ಹಾಕುತ್ತೇನೆ, ಬರಿಯ ನೀರಿದ್ದರೆ ಮುಳುಗುತ್ತವೆ. ಗದುಗಿನ ಬಿಸಿಲಿಗೆ ಬೆಲ್ಲದ ನೀರು ಒಂದೇ ದಿನದಲ್ಲಿ ಹುಳಿ ಬರುತ್ತದೆ, ಮರುದಿನ ತೆಗೆಯಲೇಬೇಕು. ಪ್ರತಿ ಸಲ ಮೂರು ಮೀಲ್‌ವರ್ಮ್, ಎರಡು ತುಂಡು ಮಾಡಿ, ವಾರಕ್ಕೆರಡು ಸಲ. ಚಳಿಗಾಲದಲ್ಲಿ ಒಂದೇ ಸಲ. ಕುಡಿಯುವ ನೀರಿನ ಟ್ಯೂಬ್ ಯಾವಾಗಲೂ ಇರುತ್ತದೆ. ಹೆಚ್ಚು ಕಡಿಮೆ ಮಾಡಲು ನೋಡುವುದು ಅವುಗಳ ತಿಪ್ಪೆಯನ್ನು. ಗೂಡಿಗೆ ಜೋಡಿಸಿದ ಡಬ್ಬಿಯೇ ಅವುಗಳ ಅಂಗಳ. ಅದರ ಒಂದೇ ಮೂಲೆಗೆ ಅವು ಕಸ ತಂದು ಹಾಕುತ್ತವೆ: ಹುಳುವಿನ ತಲೆ, ಖಾಲಿ ಸಿಪ್ಪೆ, ಸತ್ತ ಅಕ್ಕತಂಗಿಯರು. ಸಿಪ್ಪೆ ಗಾಜಿನಂತೆ ಖಾಲಿಯಿದ್ದರೆ ಹಸಿದಿದ್ದವು, ಒಳಗೆ ಮಾಂಸ ಉಳಿದಿದ್ದರೆ ನಾನು ಹೆಚ್ಚು ಕೊಟ್ಟಿದ್ದೇನೆ. ಹೆಚ್ಚಾದದ್ದನ್ನು ಗೂಡಿನೊಳಗೆ ಒಯ್ದು ಮರೆತರೆ ಬೂಷ್ಟು ಹಿಡಿಯುತ್ತದೆ.

ತಪ್ಪಿಸಿಕೊಳ್ಳದಂತೆ ಅಂಗಳದ ಡಬ್ಬಿಯ ಒಳಅಂಚಿಗೆ ಟಾಲ್ಕಮ್ ಪೌಡರನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬಳಿಯುತ್ತೇನೆ. ಒಣಗಿದ ಮೇಲೆ ಕಾಲು ಜಾರುತ್ತದೆ. ಮಳೆಗಾಲದಲ್ಲಿ ತಂಪು ಹೀರಿ ಉದುರುವುದರಿಂದ ತಿಂಗಳಿಗೊಮ್ಮೆ ಮತ್ತೆ ಬಳಿಯಬೇಕು. ಹೊರಗಿನ ಶತ್ರು ಬೇರೆ. ಒಮ್ಮೆ ಅಡುಗೆಮನೆಯ ಸಣ್ಣ ಕೆಂಪಿರುವೆಗಳ ಸಾಲು ಗೂಡಿನೊಳಗೆ ನುಗ್ಗಿ ಮರಿಹುಳುಗಳನ್ನು ಹೊತ್ತೊಯ್ಯುತ್ತಿತ್ತು. ನನ್ನ ಗೊದ್ದಗಳು ಅವುಗಳ ಇಪ್ಪತ್ತು ಪಟ್ಟು ದೊಡ್ಡವಾದರೂ ಕೋಶಗಳನ್ನು ಕಚ್ಚಿಕೊಂಡು ಮೂಲೆಗೆ ಸರಿದಿದ್ದವು. ಅದಕ್ಕೆ ಉಪಾಯ ಹೇಳಿದ್ದು ಅವ್ವ: "ಬೆಲ್ಲದ ಡಬ್ಬಿಯನ್ನು ನಾನು ಹೇಗೆ ಇಡುತ್ತೇನೆ, ನೋಡಿಲ್ಲವೇ?" ಅಂದೇ ಮೇಜಿನ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟೆ. ನೀರು ತುಂಬಿಸುವ ಕೆಲಸ ಈಗ ಅವ್ವನದೇ. ಮಧ್ಯಾಹ್ನ ನಾನಿಲ್ಲದಾಗ ಆಕೆ ಗೂಡಿನ ಮುಂದೆ ಕುಳಿತಿರುತ್ತಾಳೆಂದು ನನ್ನ ಹೆಂಡತಿ ಹೇಳುತ್ತಾಳೆ.

ಎಷ್ಟು ವರ್ಷ ಇವುಗಳನ್ನು ನೋಡಿಕೊಳ್ಳಬೇಕಾದೀತೆಂದು ಲೆಕ್ಕ ಹಾಕಿಯೇ ಶುರು ಮಾಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಎಂಬ ಬ್ಯಾಂಕರು ಗಾಜಿನ ಹಲಗೆಗಳ ನಡುವೆ ಇರುವೆ ಸಾಕಿದ್ದ. 1874ರಲ್ಲಿ ತಂದ ಒಂದು ರಾಣಿ 1888ರವರೆಗೆ ಅವನ ಬಳಿ ಬದುಕಿತ್ತು. ಅದು ಬೇರೆ ಜಾತಿ, ಬೇರೆ ಹವೆ. ಆದರೂ ಗೊದ್ದದ ರಾಣಿ ಒಂದೆರಡು ವರ್ಷದ ಅತಿಥಿಯಲ್ಲ ಎಂಬುದನ್ನು ನನ್ನ ಮೇಜೇ ಹೇಳುತ್ತಿದೆ.

ಈಗಿನ ಗೂಡು ನಾನೇ ಎರಕ ಹೊಯ್ದದ್ದು. ಗಾಜಿನ ಮೇಲೆ ಜೇಡಿಮಣ್ಣಿನಿಂದ ಕೋಣೆ, ಓಣಿಗಳ ಆಕಾರ ಮಾಡಿ, ಸುತ್ತ ಕಟ್ಟೆ ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು, ಗಟ್ಟಿಯಾದ ಮೇಲೆ ಮಣ್ಣು ಕೆದಕಿ ತೆಗೆದೆ. ಒಂದು ತುದಿಗೆ ಮಾತ್ರ ನೀರು ಹಾಕುತ್ತೇನೆ. ಮೊಟ್ಟೆಗಳನ್ನು ತೇವದ ಕಡೆಗೆ, ಕೋಶಗಳನ್ನು ಒಣ ಕಡೆಗೆ ಅವೇ ಜೋಡಿಸಿಕೊಳ್ಳುತ್ತವೆ. ಎರಡನೆಯ ವರ್ಷದಿಂದ ದೊಡ್ಡ ತಲೆಯವು ಹುಟ್ಟತೊಡಗಿ ಓಣಿಗಳು ಇಕ್ಕಟ್ಟಾಗಿವೆ. ಎರಡನೆಯ ಗೂಡಿನ ಎರಕ ಮಾಳಿಗೆಯ ಬಿಸಿಲಿನಲ್ಲಿದೆ. ಹಸಿ ಪ್ಲಾಸ್ಟರಿನಲ್ಲಿ ಬಿಟ್ಟರೆ ಬೂಷ್ಟು ಬರುವುದು ಖಂಡಿತವಾದ್ದರಿಂದ ದಿನವೂ ತೂಗುತ್ತಿದ್ದೇನೆ. ಮೊನ್ನೆ 1,365 ಗ್ರಾಂ, ನಿನ್ನೆ 1,340, ಇವತ್ತು 1,325. ತೂಕ ಇಳಿಯುವುದು ನಿಂತ ದಿನ ಎರಡು ಗೂಡುಗಳ ನಡುವೆ ನಳಿಕೆ ಜೋಡಿಸುತ್ತೇನೆ.