ಮ್ಯಾತ್ಸ್ ಓದೋಕೆ ಕಾಲೇಜು ಹುಡುಕ್ತಿರೋ ಕೊಡಗಿನ ಮಕ್ಕಳಿಗೆ

ಈ ಸಲ ಮೇ ಮೊದಲ ವಾರ ನಾಪೋಕ್ಲು ಕಡೆಯಿಂದ ನಮಗೆ ಗೊತ್ತಿರೋರ ಮಗಳು ಅವಳಪ್ಪನ ಜೊತೆ ಮನೆಗೆ ಬಂದಿದ್ಲು. ಪಿಯು ಮ್ಯಾತ್ಸಲ್ಲಿ 100ಕ್ಕೆ 98. ಇಂಜಿನಿಯರಿಂಗ್ ಬೇಡ, ಮ್ಯಾತ್ಸೇ ಓದ್ಬೇಕು ಅಂತ ಗಟ್ಟಿ ಮನಸ್ಸು ಮಾಡಿದಾಳೆ. "ಅಕ್ಕ, ಯಾವ ಕಾಲೇಜು ಒಳ್ಳೇದು?" ಅಂತ ಅವಳು ಕೇಳಿದ್ಲು, ಹಾಸ್ಟೆಲ್ ಹೇಗಿರತ್ತೆ, ಫೀಸ್ ಎಷ್ಟು ಅಂತ ಅವಳಪ್ಪ ಕೇಳಿದ್ರು. ಎರಡು ಗಂಟೆ ಕೂತು ಮಾತಾಡಿದ್ವಿ. ನಾನು ಮ್ಯಾತ್ಸ್ ಓದಿ ಈಗ ಪಿಯು ಮಕ್ಕಳಿಗೆ ಅದನ್ನೇ ಹೇಳ್ಕೊಡ್ತಾ ಇರೋಳು, ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದಲು ತಾರೀಖಿನ ವಿಷಯ, ಯಾಕಂದ್ರೆ ನಮ್ಮ ಕಡೆ ಮಕ್ಕಳು ಸೋಲೋದು ಬುದ್ಧಿ ಕಮ್ಮಿ ಇದ್ದು ಅಲ್ಲ, ಗೊತ್ತಾಗೋದೇ ತಡ ಆಗಿ. ಬೆಂಗಳೂರಲ್ಲಿ ಮೈಸೂರು ರಸ್ತೆ ಮೇಲೇನೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ (ಐಎಸ್‌ಐ) ಇದೆ, ಅಲ್ಲಿ ಬಿ.ಮ್ಯಾತ್ ಅಂತ ಆನರ್ಸ್ ಕೋರ್ಸು. ಚೆನ್ನೈ ಹತ್ರ ಸಿರುಸೇರಿಯಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್, ಗಣಿತಜ್ಞ ಸಿ.ಎಸ್. ಶೇಷಾದ್ರಿ ಅವರು 1989ರಲ್ಲಿ ಶುರು ಮಾಡಿದ್ದು, ಅಲ್ಲಿ ಮ್ಯಾತ್ಸ್ ಮತ್ತೆ ಕಂಪ್ಯೂಟರ್ ಸೈನ್ಸ್ ಸೇರಿಸಿ ಬಿಎಸ್ಸಿ ಆನರ್ಸ್. ದೇಶದಲ್ಲಿ ಡಿಗ್ರಿ ಮಟ್ಟದಲ್ಲಿ ಮ್ಯಾತ್ಸ್ ಕಲಿಯೋಕೆ ಇವೆರಡಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಎರಡಕ್ಕೂ ಅವರದ್ದೇ ಎಂಟ್ರೆನ್ಸ್ ಪರೀಕ್ಷೆ, ಮೇ ತಿಂಗಳಲ್ಲಿ. ಆದ್ರೆ ಅರ್ಜಿ ಗಡುವು ಮಾರ್ಚ್ ಏಪ್ರಿಲ್‌ನಲ್ಲೇ ಮುಗಿದು ಹೋಗಿರತ್ತೆ, ಅಂದ್ರೆ ನೀವು ಪಿಯು ಎಕ್ಸಾಮು ಸಿಇಟಿ ಅಂತ ತಲೆ ಕೆಡಿಸ್ಕೊಂಡಿರೋ ಹೊತ್ತಿಗೆ. ರಿಸಲ್ಟ್ ಬರ್ಲಿ ಆಮೇಲೆ ನೋಡೋಣ ಅಂತ ಕೂತ್ರೆ ಆ ವರ್ಷದ ಬಾಗಿಲು ಮುಚ್ಚಿತು ಅಂತಾನೇ ಲೆಕ್ಕ. ನಾಪೋಕ್ಲು ಹುಡುಗಿಗೆ ಆಗಿದ್ದೂ ಇದೇ.

ಆ ಪರೀಕ್ಷೆಗಳು ಸಿಇಟಿ ಥರ ಅಲ್ಲ. ಐಎಸ್‌ಐದು ಒಂದೇ ದಿನ ಎರಡು ಪೇಪರ್, ಎರಡೆರಡು ಗಂಟೆ. ಬೆಳಿಗ್ಗೇದು ಉತ್ತರ ಗುರುತು ಹಾಕೋದು, ಇನ್ನೊಂದ್ರಲ್ಲಿ ಎಂಟೇ ಪ್ರಶ್ನೆ, ಆದ್ರೆ ಪೂರ್ತಿ ಬರೀಬೇಕು, ಯಾಕೆ ಹೀಗೆ ಅಂತ ತೋರಿಸ್ಬೇಕು. ಹಳೇ ಪೇಪರ್‌ಗಳು ಅವರ ವೆಬ್‌ಸೈಟಲ್ಲೇ ಫ್ರೀ ಸಿಗತ್ತೆ. ಫಸ್ಟ್ ಪಿಯು ಮುಗಿದ ರಜೆಯಲ್ಲಿ, ಕಾಫಿ ಹೂಮಳೆ ಬೀಳೋ ಟೈಮಲ್ಲಿ, ದಿನಕ್ಕೊಂದು ಪ್ರಶ್ನೆ ಇಟ್ಕೊಂಡು ಕೂತು ನೋಡಿ. ಒಂದು ಪ್ರಶ್ನೆಗೆ ಎರಡು ದಿನ ಹಿಡಿದ್ರೂ ಖುಷಿ ಆಗ್ತಿದೆ ಅಂದ್ರೆ ಮ್ಯಾತ್ಸ್ ತಗೊಳ್ಳಿ, ಧೈರ್ಯವಾಗಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಐಐಎಸ್ಸಿಯಲ್ಲೂ ನಾಲ್ಕು ವರ್ಷದ ಬಿಎಸ್ ರಿಸರ್ಚ್ ಇದೆ, 2011ರಿಂದ, ಅದ್ರಲ್ಲಿ ಮ್ಯಾತ್ಸ್ ಮೇಜರ್ ತಗೋಬಹುದು, ಆದ್ರೆ ಸೀಟು ಜೆಇಇ ಅಥವಾ ಐಸರ್ ಅನ್ನೋ ಕೇಂದ್ರ ವಿಜ್ಞಾನ ಸಂಸ್ಥೆಗಳವರ ಎಂಟ್ರೆನ್ಸ್ ಐಎಟಿ ರ‍್ಯಾಂಕ್ ಮೇಲೆ. ಫಿಸಿಕ್ಸ್ ಕೆಮಿಸ್ಟ್ರಿನೂ ಗಟ್ಟಿ ಇರೋರಿಗೆ ಇದು. ಟೀಚರ್ ಆಗ್ಬೇಕು ಅನ್ನೋರು ಮೈಸೂರಲ್ಲಿ ಎನ್‌ಸಿಇಆರ್‌ಟಿ ಕೆಳಗೆ ಬರೋ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಕಡೆ ನೋಡಿ, ಬಿಎಸ್ಸಿ ಬಿಎಡ್ ಒಟ್ಟಿಗೇ ಮುಗಿಯತ್ತೆ.

ಇವೆಲ್ಲ ಸಿಗ್ಲಿಲ್ಲ ಅಂದ್ರೆ? ಹೆಚ್ಚಿನೋರಿಗೆ ಸಿಗಲ್ಲ, ಸೀಟೇ ಕಮ್ಮಿ. ಆಗ ಮಾಮೂಲಿ ಬಿಎಸ್ಸಿ, ಇಲ್ಲೇ ಜನ ಎಡವೋದು. ನಾನೂ ಎಡವಿದ್ದೆ. ಹೆಸರು ಕೇಳಿ ದೊಡ್ಡ ಊರಿನ ಒಂದು ಕಾಲೇಜಿಗೆ ಸೇರ್ಕೊಂಡೆ. ಕ್ಲಾಸಲ್ಲಿ ನೂರರ ಮೇಲೆ ಮಕ್ಕಳು, ಲೆಕ್ಚರರ್ ಬಂದು ಬೋರ್ಡ್ ತುಂಬಾ ಬರೀತಿದ್ರು, ನಾವು ಕಾಪಿ ಮಾಡ್ಕೋತಿದ್ವಿ. "ಸಾರ್, ಈ ಸ್ಟೆಪ್ ಹೇಗೆ ಬಂತು?" ಅಂತ ಒಂದಿನ ಕೇಳಿದ್ದಕ್ಕೆ "ಎಕ್ಸಾಮ್‌ಗೆ ಅದು ಬರಲ್ಲಮ್ಮ" ಅಂದ್ರು. ಮೂರು ವರ್ಷ ಮಾರ್ಕ್ಸ್ ಚೆನ್ನಾಗೇ ಬಂತು. ಎಂಎಸ್ಸಿಗೆ ಹೋದ್ಮೇಲೆ ಒಂದು ಪ್ರೂಫ್, ಅಂದ್ರೆ ಇದು ಯಾಕೆ ನಿಜ ಅಂತ ತೋರಿಸೋ ವಾದ, ಸ್ವಂತವಾಗಿ ಬರೆಯೋಕೆ ಬರ್ತಿರ್ಲಿಲ್ಲ, ಹಾಸ್ಟೆಲ್ ಟೆರೇಸ್ ಮೇಲೆ ಕೂತು ಅತ್ತಿದೀನಿ.

ಹಾಗಾಗಿ ನನ್ನ ಮಾತು ಇಷ್ಟೇ, ಕಾಲೇಜಿನ ಹೆಸರು ನೋಡ್ಬೇಡಿ, ಅಲ್ಲಿನ ಮ್ಯಾತ್ಸ್ ಡಿಪಾರ್ಟ್‌ಮೆಂಟ್ ನೋಡಿ, ಅಡ್ಮಿಷನ್‌ಗೆ ಮುಂಚೆ ಒಂದಿನ ಕಣ್ಣಾರೆ ಹೋಗಿ ನೋಡಿ. ಹೋದಾಗ ಸೆಕೆಂಡ್ ಇಯರ್ ಮಕ್ಕಳನ್ನ ಹಿಡ್ಕೊಂಡು ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್ಸಿನ ಬುಡಾನ ಪ್ರೂಫ್ ಸಮೇತ ಕಲಿಸೋ ವಿಷಯ) ನೋಟ್ಸ್ ಒಂದ್ ನಿಮಿಷ ಕೊಡ್ತೀರಾ ಅಂತ ಕೇಳಿ. ನಾನು ನೋಡಿರೋ ಎರಡು ನೋಟ್‌ಬುಕ್ ಬಗ್ಗೆ ಹೇಳ್ತೀನಿ. ಒಂದ್ರಲ್ಲಿ ಸೀಕ್ವೆನ್ಸ್ (ಸಂಖ್ಯೆಗಳ ಸಾಲು) ಕನ್ವರ್ಜ್ ಆಗೋದಕ್ಕೆ, ಅಂದ್ರೆ ಒಂದು ಸಂಖ್ಯೆಗೆ ಹತ್ರ ಹತ್ರ ಹೋಗೋದಕ್ಕೆ, ಡೆಫಿನಿಷನ್, ಕೆಳಗೆ ಹದಿನೈದು ಲೆಕ್ಕ, ಹದಿನೈದಕ್ಕೂ ಒಂದೇ ದಾರಿ. ಇನ್ನೊಂದ್ರಲ್ಲಿ ಏರ್ತಾನೇ ಹೋಗೋ, ಆದ್ರೆ ಒಂದು ಮಿತಿ ದಾಟದ ಸೀಕ್ವೆನ್ಸ್ ಕನ್ವರ್ಜ್ ಆಗ್ಲೇಬೇಕು ಅನ್ನೋ ಥಿಯರಂ, ಅದರ ಪ್ರೂಫು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 1, 1.4, 1.41, 1.414 ಅಂತ ಬರೆದು, "ಬರೀ ರ‍್ಯಾಷನಲ್ ನಂಬರ್‌ಗಳಷ್ಟೇ ಇದ್ದಿದ್ರೆ ಇದು ಎಲ್ಲಿಗೆ ಹೋಗಿ ನಿಲ್ತಿತ್ತು?" ಅಂತ ಪ್ರಶ್ನೆ. ಅದು ರೂಟ್ 2ರ ಕಡೆ ಹೋಗ್ತಿದೆ, ರೂಟ್ 2 ರ‍್ಯಾಷನಲ್ ಅಲ್ಲ, ಅಂದ್ರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯೋಕಾಗಲ್ಲ, ಅಂದ್ಮೇಲೆ ನಿಲ್ಲೋಕೆ ಅಲ್ಲಿ ಜಾಗಾನೇ ಇಲ್ಲ. ಆ ಪೆನ್ಸಿಲ್ ಗೆರೆ ಇರೋ ಕಾಲೇಜಿಗೆ ಸೇರಿ, ಬಿಲ್ಡಿಂಗ್ ಹಳೇದಾಗಿದ್ರೂ ಪರ್ವಾಗಿಲ್ಲ.

ಲೈಬ್ರರಿಗೂ ಹೋಗಿ. ಆಲ್ಜೀಬ್ರಾ ಪುಸ್ತಕ ಒಂದನ್ನ ತೆಗೆದು ಹಿಂದೆ ಅಂಟಿಸಿರೋ ಡ್ಯೂ ಡೇಟ್ ಚೀಟಿ ನೋಡಿ, ಸೀಲು ಈ ವರ್ಷದ್ದಿದ್ರೆ ಯಾರೋ ಓದ್ತಿದಾರೆ ಅಂತ ಅರ್ಥ. ಪರ್ಮನೆಂಟ್ ಲೆಕ್ಚರರ್ ಎಷ್ಟು ಜನ, ಗೆಸ್ಟ್ ಫ್ಯಾಕಲ್ಟಿ ಎಷ್ಟು, ಹೋದ ಮೂರು ವರ್ಷದಲ್ಲಿ ಯಾರಾದ್ರೂ ಜಾಮ್ (ಎಂಎಸ್ಸಿಗೆ ಐಐಟಿಗಳು ನಡೆಸೋ ಎಂಟ್ರೆನ್ಸ್) ಪಾಸ್ ಮಾಡಿ ಐಐಟಿಗೆ ಎಂಎಸ್ಸಿಗೆ ಹೋದ್ರಾ, ಎಂಟಿಟಿಎಸ್ ಬೇಸಿಗೆ ಶಿಬಿರಕ್ಕೆ ಹೋದ್ರಾ ಅಂತ ಕೇಳಿ. ಎಂಟಿಟಿಎಸ್ ಅಂದ್ರೆ 1993ರಿಂದ ನಡೀತಿರೋ ಮ್ಯಾತ್ಸ್ ತರಬೇತಿ, ಡಿಗ್ರಿ ಮಕ್ಕಳಿಗೂ ಇದೆ. ಅದರ ಹೆಸರೇ ಕೇಳಿಲ್ಲ ಅಂತ ಡಿಪಾರ್ಟ್‌ಮೆಂಟಲ್ಲಿ ಅಂದ್ರೆ ಎರಡು ಸಲ ಯೋಚನೆ ಮಾಡಿ.

ಜಿಲ್ಲೆಯೊಳಗೇ ಓದೋದನ್ನ ತಳ್ಳಿ ಹಾಕ್ಬೇಡಿ. ಮಡಿಕೇರಿಯ ಕಾರ್ಯಪ್ಪ ಕಾಲೇಜು, ವಿರಾಜಪೇಟೆ ಗೋಣಿಕೊಪ್ಪದ ಕಾಲೇಜುಗಳು, ಇಂಥ ಕಡೆ ಮ್ಯಾತ್ಸ್‌ಗೆ ಮಕ್ಕಳು ಕಮ್ಮಿ ಇದ್ರೆ ಅದು ನಿಮಗೇ ಲಾಭ, ಹತ್ತು ಜನರ ಕ್ಲಾಸಲ್ಲಿ ನಿಮ್ಮ ತಪ್ಪು ಲೆಕ್ಚರರ್ ಕಣ್ಣಿಗೆ ಬಿದ್ದೇ ಬೀಳತ್ತೆ. ಆದ್ರೆ ಆ ವರ್ಷ ಕಾಂಬಿನೇಷನ್ ನಡೀತಿದೆಯಾ, ಮಕ್ಕಳು ಸಾಲದೆ ನಿಲ್ಲಿಸಿದಾರಾ ಅಂತ ಆಫೀಸಲ್ಲೇ ಕೇಳಿ ಖಚಿತ ಮಾಡ್ಕೊಳ್ಳಿ. ಕಾಲೇಜು ಯಾವ ಯೂನಿವರ್ಸಿಟಿ ಕೆಳಗಿದೆ ಅಂತಾನೂ ನೋಡಿ, ಸಿಲಬಸ್ಸು ಪ್ರಶ್ನೆಪತ್ರಿಕೆ ಎಲ್ಲ ಅಲ್ಲಿಂದಾನೇ ಬರೋದು, ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗಿದ್ದೇ 2023ರಲ್ಲಿ. ಮೈಸೂರಿನ ಯುವರಾಜ ಥರ ಅಟಾನಮಸ್ ಕಾಲೇಜಾದ್ರೆ ಸಿಲಬಸ್ ಅವರದ್ದೇ, ಮಂಗಳೂರಿನ ಅಲೋಶಿಯಸ್ ಅಂತೂ 2024ರಿಂದ ಡೀಮ್ಡ್ ಯೂನಿವರ್ಸಿಟಿನೇ. 2024-25ರಿಂದ ರಾಜ್ಯದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಳೇ ಸೀನಿಯರ್‌ಗಳು ಹೇಳೋ ನಾಲ್ಕು ವರ್ಷದ ಲೆಕ್ಕ ಹಿಡ್ಕೊಂಡು ಗೊಂದಲ ಮಾಡ್ಕೋಬೇಡಿ. ಕಾಂಬಿನೇಷನ್ ವಿಷಯದಲ್ಲಿ ನನ್ನ ಓಟು ಫಿಸಿಕ್ಸ್, ಮ್ಯಾತ್ಸ್, ಕಂಪ್ಯೂಟರ್ ಸೈನ್ಸ್‌ಗೆ.

ಮೈಸೂರಾ ಮಂಗಳೂರಾ ಅಂದ್ರೆ ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ. ಕುಶಾಲನಗರ ಸೋಮವಾರಪೇಟೆ ಕಡೆಯೋರಿಗೆ ಮೈಸೂರೇ ಸಲೀಸು. ಸಂಪಾಜೆ ಕಡೆಯೋರಿಗೆ ಸುಳ್ಯ ಪುತ್ತೂರು ಮಂಗಳೂರು ಹತ್ರ. ಮಡಿಕೇರಿಯಲ್ಲಿದ್ದು ಮಂಗಳೂರಿಗೆ ಹೋಗೋದಾದ್ರೆ ಘಾಟಿ ನೆನಪಿರ್ಲಿ, 2018ರ ಆಗಸ್ಟಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆದಾಗ ಮಕ್ಕಳು ಎಷ್ಟು ಕಷ್ಟಪಟ್ರು ಅಂತ ನಮಗೆಲ್ಲ ಗೊತ್ತು.

ನಾಪೋಕ್ಲು ಹುಡುಗಿ ಎರಡು ಕಾಲೇಜು ನೋಡ್ಕೊಂಡು ಬಂದು ಒಂದರ ನೋಟ್‌ಬುಕ್ ಪುಟದ ಫೋಟೋ ಕಳಿಸಿದ್ಲು, ಪ್ರೂಫ್ ಇತ್ತು, ಅಲ್ಲೇ ಸೇರಿದಾಳೆ. ಅವಳಪ್ಪನಿಗೆ ಹೇಳಿದ್ದು ಒಂದೇ, ಎಸ್‌ಎಸ್‌ಪಿ ಅನ್ನೋ ರಾಜ್ಯ ಸರ್ಕಾರದ ಪೋರ್ಟಲ್‌ನ ಸ್ಕಾಲರ್‌ಶಿಪ್‌ಗೆ ಜಾತಿ ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಬೇಕು, ಅದನ್ನ ಮಳೆ ಹಿಡಿಯೋಕೆ ಮುಂಚೆ ನಾಡಕಚೇರಿಯಲ್ಲಿ ಮಾಡಿಸಿಟ್ಕೊಳ್ಳಿ ಅಂತ. ಜೂನ್ ಬಂತು ಅಂದ್ರೆ ನಮ್ಮಲ್ಲಿ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ.